ವಿಶ್ವಾಸ ಸಂಗ್ರಹದಲ್ಲಿ ಪಿಲಾತನ ಹೆಸರೇಕೆ?



ಪ್ರತಿ ಭಾನುವಾರ ಬಲಿಪೂಜೆಯಲ್ಲಿ ಪ್ರಬೋಧನೆ ಮುಗಿದ ಮೇಲೆ ನಾವೆಲ್ಲರೂ ಎದ್ದು ನಿಂತು ವಿಶ್ವಾಸ ಸಂಗ್ರಹವನ್ನು ಹೇಳುತ್ತೇವೆ. ಚಿಕ್ಕಂದಿನಿಂದ ಬಾಯಿಪಾಠವಾಗಿರುವುದರಿಂದ ಅದರಲ್ಲಿರುವ ಒಂದು ವಿಚಿತ್ರ ನಮ್ಮ ಗಮನಕ್ಕೆ ಬರುವುದೇ ಇಲ್ಲ. ಯೇಸುಸ್ವಾಮಿಯವರನ್ನು ಬಿಟ್ಟರೆ ಅಲ್ಲಿ ಇಬ್ಬರ ಹೆಸರುಗಳು ಮಾತ್ರ ಬರುತ್ತವೆ. ಒಬ್ಬರು ಮಾತೆ ಮರಿಯಮ್ಮನವರು. ಇನ್ನೊಬ್ಬ ಪೊಂತಿಯುಸ್ ಪಿಲಾತ. ಪೇತ್ರರ ಹೆಸರಿಲ್ಲ, ಪೌಲರ ಹೆಸರಿಲ್ಲ, ಅಬ್ರಹಾಮನ ಹೆಸರೂ ಇಲ್ಲ. ತಪ್ಪಿಲ್ಲದವರೆಂದು ತಿಳಿದೂ ಕೈ ತೊಳೆದುಕೊಂಡು ಮರಣದಂಡನೆಗೆ ಒಪ್ಪಿಸಿದ ರೋಮಿನ ಅಧಿಕಾರಿಯ ಹೆಸರು ಮಾತ್ರ ಇದೆ. ಹುಟ್ಟಿದ ಮಗುವಿಗೆ ಆ ಹೆಸರಿಡಲು ಯಾರೂ ಒಪ್ಪುವುದಿಲ್ಲ. ಆದರೂ ಎರಡು ಸಾವಿರ ವರ್ಷಗಳಿಂದ ಧರ್ಮಸಭೆ ಅದನ್ನು ತನ್ನ ಪ್ರಾರ್ಥನೆಯಲ್ಲಿ ಕಾಪಾಡಿಕೊಂಡು ಬಂದಿದೆ. ಏಕೆ?

ಪಿಲಾತನನ್ನು ಗೌರವಿಸುವುದಕ್ಕಲ್ಲ. ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಮಗುವಿನ ಹೆಸರಿನ ಎದುರು ದಿನಾಂಕ ಬರೆಯುತ್ತೇವಲ್ಲವೇ? ಪಿಲಾತನ ಹೆಸರು ನಮ್ಮ ವಿಶ್ವಾಸದ ದಿನಾಂಕ. ಅವನು ಕ್ರಿ.ಶ. 26ರಿಂದ 36ರವರೆಗೆ ಜುದೇಯ ಪ್ರಾಂತ್ಯದ ಅಧಿಕಾರಿಯಾಗಿದ್ದ. ನಾವು ನಂಬುವ ಘಟನೆ 'ಒಂದಾನೊಂದು ಕಾಲದಲ್ಲಿ' ನಡೆದದ್ದಲ್ಲ. ಗೊತ್ತಿರುವ ಊರಿನಲ್ಲಿ, ಗೊತ್ತಿರುವ ಅಧಿಕಾರಿಯ ಕಾಲದಲ್ಲಿ ನಡೆದದ್ದು ಎಂದು ಆ ಒಂದು ಹೆಸರು ಸಾರುತ್ತದೆ. ಸಂತ ಲೂಕರೂ ಹೀಗೆಯೇ ಮಾಡಿದ್ದಾರೆ. ಸ್ನಾನಿಕ ಯೊವಾನ್ನರ ಬೋಧನೆ ಆರಂಭವಾದದ್ದನ್ನು ಹೇಳುವಾಗ ತಿಬೇರಿಯಸ್ ಚಕ್ರವರ್ತಿಯ ಆಳ್ವಿಕೆಯ 15ನೆಯ ವರ್ಷ ಎಂದು ಕಾಲ ಗುರುತಿಸಿ, ಆಗ ಅಧಿಕಾರದಲ್ಲಿದ್ದ ಏಳು ಜನರ ಹೆಸರುಗಳನ್ನು ಕೊಟ್ಟಿದ್ದಾರೆ.

ಹೀಗೆ ದಿನಾಂಕ ಹಾಕಿದ ವಿಶ್ವಾಸವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಇಂದು ನಮ್ಮ ಮಕ್ಕಳು ಅದನ್ನೇ ಮಾಡುತ್ತಿದ್ದಾರೆ. ಕಾಲೇಜಿನಿಂದ ಬಂದ ಮಗ ಊಟದ ತಟ್ಟೆಯ ಮುಂದೆ ಕುಳಿತು, "ಅಪ್ಪಾ, ಯೇಸು ಎಂಬ ವ್ಯಕ್ತಿ ಇರಲೇ ಇಲ್ಲವಂತೆ, ಅದೆಲ್ಲಾ ಕಟ್ಟುಕಥೆಯಂತೆ" ಎನ್ನುತ್ತಾನೆ. ಮೊಬೈಲಿನಲ್ಲಿ ನೋಡಿದ ಯಾವುದೋ ವಿಡಿಯೋ ಇರಬಹುದು, ಸ್ನೇಹಿತನ ಮಾತಿರಬಹುದು. ಆಗ ಅನೇಕ ಮನೆಗಳಲ್ಲಿ ಏನಾಗುತ್ತದೆ? ತಂದೆ ಗದರುತ್ತಾರೆ, ತಾಯಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಮಗನ ಪ್ರಶ್ನೆ ಮಾತ್ರ ನಿಲ್ಲುವುದಿಲ್ಲ. ನಮ್ಮ ಹಿರಿಯರ ಬಳಿ ಉತ್ತರವಿಲ್ಲ, ಅದಕ್ಕೇ ಸಿಟ್ಟು ಎಂದು ಅವನು ತಿಳಿಯುತ್ತಾನೆ. ಕೆಲವು ವರ್ಷಗಳಲ್ಲಿ ಭಾನುವಾರದ ಪೂಜೆಗೂ ಬರುವುದಿಲ್ಲ. ಆದ್ದರಿಂದ ಈ ಪ್ರಶ್ನೆಗೆ ಸಮಾಧಾನವಾಗಿ, ಪ್ರಾಮಾಣಿಕವಾಗಿ ಉತ್ತರಿಸಲು ನಾವು ಕಲಿಯಬೇಕು.

ಹೊರಗಿನವರ ಸಾಕ್ಷ್ಯ

ನ್ಯಾಯಾಲಯದಲ್ಲಿ ಮಿತ್ರನ ಸಾಕ್ಷಿಗಿಂತ ವಿರೋಧಿಯ ಬಾಯಿಂದ ಬಂದ ಮಾತಿಗೆ ಬೆಲೆ ಹೆಚ್ಚು. ಮೊದಲು ಅಂಥವರನ್ನೇ ಕರೆಯೋಣ.

ಟ್ಯಾಸಿಟಸ್ ರೋಮಿನ ಹೆಸರಾಂತ ಇತಿಹಾಸಕಾರ, ಸೆನೆಟ್ ಸದಸ್ಯ. ಕ್ರಿ.ಶ. 116ರ ಸುಮಾರಿಗೆ ಬರೆದ ತನ್ನ 'ಆನಲ್ಸ್' ಗ್ರಂಥದಲ್ಲಿ, ಕ್ರಿ.ಶ. 64ರಲ್ಲಿ ರೋಮ್ ನಗರಕ್ಕೆ ಬೆಂಕಿ ಬಿದ್ದದ್ದನ್ನೂ ನೀರೋ ಚಕ್ರವರ್ತಿ ಆ ಅಪವಾದವನ್ನು ಕ್ರೈಸ್ತರ ತಲೆಗೆ ಕಟ್ಟಿದ್ದನ್ನೂ ಅವನು ವಿವರಿಸುತ್ತಾನೆ. ಈ ಕ್ರೈಸ್ತರು ಯಾರು ಎಂದು ಓದುಗರಿಗೆ ತಿಳಿಸುವಾಗ, ಆ ಹೆಸರಿಗೆ ಮೂಲನಾದ ಕ್ರಿಸ್ತನಿಗೆ ತಿಬೇರಿಯಸನ ಕಾಲದಲ್ಲಿ ಪೊಂತಿಯುಸ್ ಪಿಲಾತನಿಂದ ಮರಣದಂಡನೆಯಾಯಿತು ಎನ್ನುತ್ತಾನೆ. ಅವನಿಗೆ ನಮ್ಮ ಮೇಲೆ ಪ್ರೀತಿಯೇನೂ ಇಲ್ಲ. ನಮ್ಮ ಧರ್ಮವನ್ನು ಕೆಡುಕಿನ ಮೂಢನಂಬಿಕೆ ಎಂದು ಜರೆಯುತ್ತಾನೆ. ಈ ಮಾಹಿತಿಯನ್ನು ಎಲ್ಲಿಂದ ಪಡೆದನೆಂದು ಅವನು ಹೇಳಿಲ್ಲ ನಿಜ. ಆದರೆ ಆ ಕ್ರಿಸ್ತ ನಿಜವಾಗಿ ಇದ್ದವನು ಎಂಬುದರಲ್ಲಿ ಅವನಿಗೆ ಸಂದೇಹವಿಲ್ಲ.

ಅದಕ್ಕೆ ಕೆಲವು ವರ್ಷ ಮೊದಲು, ಸುಮಾರು ಕ್ರಿ.ಶ. 112ರಲ್ಲಿ, ಈಗಿನ ತುರ್ಕಿ ದೇಶದ ಬಿಥೀನಿಯ ಪ್ರಾಂತ್ಯದ ರಾಜ್ಯಪಾಲ ಪ್ಲಿನಿ ಟ್ರಾಜನ್ ಚಕ್ರವರ್ತಿಗೆ ಪತ್ರ ಬರೆದ. ಕ್ರೈಸ್ತರು ಗೊತ್ತಾದ ದಿನ ಬೆಳಗಾಗುವ ಮುನ್ನ ಕೂಡಿ ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆ. ಕಳ್ಳತನ, ವ್ಯಭಿಚಾರ ಮಾಡುವುದಿಲ್ಲವೆಂದು ಆಣೆಯಿಡುತ್ತಾರೆ ಎಂದು ತಿಳಿಸಿದ. ಇದು ಕ್ರಿಸ್ತರನ್ನು ಕಂಡವರ ಸಾಕ್ಷ್ಯವಲ್ಲ. ಅವರನ್ನು ಆರಾಧಿಸಿದವರ ಬಗೆಗಿನ ಸಾಕ್ಷ್ಯ. ಅಷ್ಟರ ಮಟ್ಟಿಗೆ ಮಾತ್ರ ಅದನ್ನು ಬಳಸಬೇಕು.

ಮೂರನೆಯವನು ಯೆಹೂದ್ಯ ಇತಿಹಾಸಕಾರ ಜೋಸೆಫಸ್. ಕ್ರಿ.ಶ. 37ರಲ್ಲಿ ಜೆರುಸಲೇಮಿನ ಯಾಜಕ ಮನೆತನದಲ್ಲಿ ಹುಟ್ಟಿದವನು. ಕ್ರಿ.ಶ. 93ರ ಸುಮಾರಿಗೆ ಮುಗಿಸಿದ ತನ್ನ ಬೃಹತ್ ಇತಿಹಾಸದ 20ನೆಯ ಸಂಪುಟದಲ್ಲಿ, ಕ್ರಿ.ಶ. 62ರಲ್ಲಿ ಪ್ರಧಾನ ಯಾಜಕ ಅನಾನಸ್ ಮಾಡಿದ ಅನ್ಯಾಯವೊಂದನ್ನು ದಾಖಲಿಸುತ್ತಾನೆ. ಹಳೆಯ ರಾಜ್ಯಪಾಲ ಸತ್ತು ಹೊಸಬ ಬರುವುದರೊಳಗೆ ಅನಾನಸನು ಯಕೋಬ ಎಂಬುವನನ್ನೂ ಇನ್ನು ಕೆಲವರನ್ನೂ ಕಲ್ಲೆಸೆದು ಕೊಲ್ಲಲು ಒಪ್ಪಿಸಿದ. ಯಾವ ಯಕೋಬ? ಕ್ರಿಸ್ತನೆಂದು ಕರೆಯಲಾಗುವ ಯೇಸುವಿನ ಸಹೋದರ ಎಂದು ಜೋಸೆಫಸ್ ಗುರುತು ಹೇಳುತ್ತಾನೆ. ಆ ಸಾವಿನ ಕಾಲಕ್ಕೆ ಅವನಿಗೆ ಇಪ್ಪತ್ತೈದರ ವಯಸ್ಸು. ತನ್ನದೇ ಊರಿನ ಸುದ್ದಿ ಅದು.

'ಸಹೋದರ' ಎಂಬ ಮಾತಿಗೆ ಗಾಬರಿಯಾಗಬೇಕಿಲ್ಲ. ಮರಿಯಮ್ಮನವರು ನಿತ್ಯ ಕನ್ಯೆ ಎಂಬ ಧರ್ಮಸಭೆಯ ಬೋಧನೆಯಂತೆ ಇಲ್ಲಿ ಹತ್ತಿರದ ಬಂಧು ಎಂದೇ ನಾವು ಅರ್ಥಮಾಡಿಕೊಳ್ಳುತ್ತೇವೆ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳನ್ನು ಅಣ್ಣ ತಮ್ಮ ಎಂದೇ ಕರೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಅದೇ ಗ್ರಂಥದ 18ನೆಯ ಸಂಪುಟದಲ್ಲಿ ಯೇಸುವಿನ ಬಗ್ಗೆ ಇನ್ನೊಂದು ಭಾಗವಿದೆ. ಈಗಿರುವ ಪಾಠದಲ್ಲಿ ಅದು ಯೇಸುವೇ ಕ್ರಿಸ್ತ, ಮೂರನೆಯ ದಿನ ಎದ್ದು ಬಂದ ಎಂದೆಲ್ಲಾ ಹೇಳುತ್ತದೆ. ಯೆಹೂದ್ಯನಾಗಿಯೇ ಉಳಿದ ಜೋಸೆಫಸ್ ಹಾಗೆ ಬರೆದಿರಲಾರ. 3ನೆಯ ಶತಮಾನದ ನಮ್ಮವರೇ ಆದ ಒರಿಜೆನ್ ಎಂಬ ಪಂಡಿತರು, ಜೋಸೆಫಸ್ ಯೇಸುವನ್ನು ಕ್ರಿಸ್ತನೆಂದು ಒಪ್ಪಿರಲಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಅಂದರೆ ಮುಂದೆ ಯಾರೋ ಕ್ರೈಸ್ತ ನಕಲುಗಾರರು ಭಕ್ತಿಯ ಹುಮ್ಮಸ್ಸಿನಲ್ಲಿ ಕೆಲವು ಮಾತು ಸೇರಿಸಿದ್ದಾರೆ. ಆ ಸೇರ್ಪಡೆಯ ಕೆಳಗೆ ಜೋಸೆಫಸನದೇ ಆದ ಚಿಕ್ಕ ಬರಹ ಇದ್ದಿರಬೇಕೆಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಇದನ್ನು ನಿಮ್ಮ ಮಗನಿಗೆ ಮುಚ್ಚಿಡಬೇಡಿ. ನೀವು ಮುಚ್ಚಿಟ್ಟದ್ದನ್ನು ನಾಳೆ ಬೇರೆಯವರು ಬಯಲು ಮಾಡಿದರೆ, ನೀವು ಹೇಳಿದ ನಿಜವನ್ನೂ ಅವನು ನಂಬುವುದಿಲ್ಲ.

ಕಲ್ಲು, ಮೂಳೆ, ಹಾಳೆ

ಭೂಮಿಯೂ ಮಾತನಾಡಿದೆ. 1961ರಲ್ಲಿ ಇಟಲಿಯ ಪುರಾತತ್ವಜ್ಞರು ಸೆಜರೇಯ ಪಟ್ಟಣದ ಹಳೆಯ ರಂಗಮಂದಿರವನ್ನು ಅಗೆಯುತ್ತಿದ್ದಾಗ, ಮೆಟ್ಟಿಲಿಗೆ ಬಳಸಿದ್ದ ಕಲ್ಲೊಂದನ್ನು ಕಂಡರು. ಅದರ ಮೇಲೆ ಲತೀನ್ ಅಕ್ಷರಗಳಲ್ಲಿ ಜುದೇಯದ ಅಧಿಕಾರಿ ಪೊಂತಿಯುಸ್ ಪಿಲಾತನ ಹೆಸರಿತ್ತು. ತಿಬೇರಿಯಸನ ಗೌರವಾರ್ಥ ಕಟ್ಟಿಸಿದ ಕಟ್ಟಡವೊಂದರ ಶಾಸನ ಅದು. ಈಗ ಜೆರುಸಲೇಮಿನ ವಸ್ತುಸಂಗ್ರಹಾಲಯದಲ್ಲಿದೆ. ಚಕ್ರವರ್ತಿಯನ್ನು ಮೆಚ್ಚಿಸಲು ಕೆತ್ತಿಸಿದ ಹೆಸರನ್ನು ಮುಂದೆ ಜನ ತುಳಿದುಕೊಂಡು ಓಡಾಡಿದರು. ಅವನು ಶಿಲುಬೆಗೆ ಕಳುಹಿಸಿದವರ ಹೆಸರಿನ ಮುಂದೆ ಲೋಕದ ಎಲ್ಲ ಕಡೆ ಜನ ಮೊಣಕಾಲೂರುತ್ತಾರೆ.

1990ರಲ್ಲಿ ಜೆರುಸಲೇಮಿನ ದಕ್ಷಿಣಕ್ಕೆ ಒಂದು ಸಮಾಧಿ ಗುಹೆ ಸಿಕ್ಕಿತು. ಅಲ್ಲಿದ್ದ ಅಂದವಾದ ಕಲ್ಲಿನ ಮೂಳೆಪೆಟ್ಟಿಗೆಯೊಂದರ ಮೇಲೆ ಕಾಯಫನ ಮನೆತನದ ಜೋಸೆಫ್ ಎಂಬ ಹೆಸರಿದೆ. ಯೇಸುಸ್ವಾಮಿಯವರನ್ನು ವಿಚಾರಿಸಿದ ಪ್ರಧಾನ ಯಾಜಕನದೇ ಅದು ಎಂದು ಹಲವು ವಿದ್ವಾಂಸರು ನಂಬುತ್ತಾರೆ. ಅದಕ್ಕೂ ಮೊದಲು, 1968ರಲ್ಲಿ, ಅದೇ ನಗರದ ಉತ್ತರದಲ್ಲಿ ಯೆಹೋಹನಾನ್ ಎಂಬ ಯುವಕನ ಮೂಳೆಗಳು ದೊರೆತವು. ಅವನ ಹಿಮ್ಮಡಿಯ ಮೂಳೆಯಲ್ಲಿ ಸುಮಾರು 11 ಸೆಂಟಿಮೀಟರ್ ಉದ್ದದ ಕಬ್ಬಿಣದ ಮೊಳೆ ಇನ್ನೂ ಚುಚ್ಚಿಕೊಂಡಿತ್ತು. ಶಿಲುಬೆಗೆ ಏರಿಸಿದವರ ಶವ ಕುಟುಂಬಕ್ಕೆ ಸಿಗುತ್ತಿರಲಿಲ್ಲ, ಆದ್ದರಿಂದ ಯೇಸುವಿನ ಸಮಾಧಿಯ ಮಾತೇ ಸುಳ್ಳು ಎಂದು ವಾದಿಸುವವರಿಗೆ, ಸಮಾಧಿ ಕಂಡ ಈ ಬಡಪಾಯಿಯ ಮೂಳೆ ಸದ್ದಿಲ್ಲದೆ ಉತ್ತರಿಸುತ್ತದೆ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಜಾನ್ ರೈಲೆಂಡ್ಸ್ ಗ್ರಂಥಾಲಯದಲ್ಲಿ ಅಂಗೈಯಷ್ಟಿರುವ ಪಪೈರಸ್ ಹಾಳೆಯ ಚೂರೊಂದಿದೆ. ಈಜಿಪ್ಟಿನಿಂದ ಬಂದದ್ದು, 1935ರಲ್ಲಿ ಪ್ರಕಟವಾಯಿತು. ಅದು 2ನೆಯ ಶತಮಾನದ್ದೆಂದು ಹೆಚ್ಚಿನವರ ಅಭಿಪ್ರಾಯ. ಸಂತ ಯೊವಾನ್ನರ ಶುಭಸಂದೇಶದ 18ನೆಯ ಅಧ್ಯಾಯದ ಕೆಲವು ಸಾಲುಗಳು ಅದರ ಎರಡೂ ಬದಿಗಳಲ್ಲಿವೆ. ಯೇಸುಸ್ವಾಮಿ ಪಿಲಾತನ ಮುಂದೆ ನಿಂತು ಸತ್ಯದ ಬಗ್ಗೆ ಮಾತನಾಡುವ ಭಾಗ ಅದು. ಹೊಸ ಒಡಂಬಡಿಕೆಯ ಅತಿ ಹಳೆಯ ತುಣುಕುಗಳಲ್ಲಿ ಒಂದೆಂದು ಎಣಿಸಲಾದ ಹಾಳೆಯಲ್ಲಿಯೂ ಪಿಲಾತನ ಮುಂದಿನ ಆ ವಿಚಾರಣೆಯೇ ಇದೆ!

ಮನೆಯವರನ್ನು ಕಂಡವರು

"ಯೇಸು ಬದುಕಿದ್ದಾಗಲೇ ಬರೆದ ಸರ್ಕಾರಿ ದಾಖಲೆ ಏಕಿಲ್ಲ?" ಎಂದು ಕೇಳುವವರಿದ್ದಾರೆ. ನಮ್ಮ ಮುತ್ತಜ್ಜನ ತಂದೆಯ ಹೆಸರು ಯಾವ ಪುಸ್ತಕದಲ್ಲಿದೆ? ಅವರು ಇರಲೇ ಇಲ್ಲವೇ? ದೂರದ ಪ್ರಾಂತ್ಯದ ಹಳ್ಳಿಯೊಂದರ ಬಡಗಿಯ ಜೀವನವನ್ನು ರೋಮಿನ ಗುಮಾಸ್ತರು ಬರೆದಿಡುತ್ತಿರಲಿಲ್ಲ. ಹತ್ತು ವರ್ಷ ಅಧಿಕಾರ ನಡೆಸಿದ ಪಿಲಾತನ ಹೆಸರಿನ ಕಲ್ಲು ಸಿಗಲು 1961 ಬರಬೇಕಾಯಿತು. ಇನ್ನು ಸಾಮಾನ್ಯರ ಮಾತೇನು? ಅಂಥವರ ವಿಷಯ ತಿಳಿಯುವುದು ಅವರನ್ನು ಬಲ್ಲವರಿಂದ.

ಇಲ್ಲಿ ಸಂತ ಪೌಲರ ಪತ್ರಗಳು ಅಮೂಲ್ಯ. ಅವು ಶುಭಸಂದೇಶಗಳಿಗಿಂತಲೂ ಹಳೆಯವು, ಕ್ರಿ.ಶ. 50ರ ಸುಮಾರಿಗೆ ಆರಂಭವಾಗುತ್ತವೆ. ಕಾಲದ ಲೆಕ್ಕಕ್ಕೂ ಒಂದು ಕಲ್ಲಿನ ಆಧಾರವಿದೆ. ಕೊರಿಂಥದಲ್ಲಿ ಪೌಲರ ಮೇಲಿನ ದೂರನ್ನು ಕೇಳಿದವನು ಗಲ್ಲಿಯೋ ಎಂಬ ಅಧಿಕಾರಿ ಎಂದು 'ಪ್ರೇಷಿತರ ಕಾರ್ಯಕಲಾಪಗಳು' ಹೇಳುತ್ತದೆ. ಗ್ರೀಸಿನ ಡೆಲ್ಫಿಯಲ್ಲಿ ದೊರೆತ ಶಾಸನ ಆ ಗಲ್ಲಿಯೋನ ಅಧಿಕಾರಾವಧಿಯನ್ನು ಕ್ರಿ.ಶ. 51-52ರ ಸುಮಾರಿಗೆ ಗುರುತಿಸಲು ನೆರವಾಗಿದೆ. ಗಲಾತ್ಯರಿಗೆ ಬರೆದ ಪತ್ರದಲ್ಲಿ ಪೌಲರು, ತಾವು ಮನಪರಿವರ್ತನೆಯಾಗಿ ಮೂರು ವರ್ಷಗಳ ಮೇಲೆ ಜೆರುಸಲೇಮಿಗೆ ಹೋಗಿ ಪೇತ್ರರೊಂದಿಗೆ 15 ದಿನ ಇದ್ದುದನ್ನೂ ಪ್ರಭುವಿನ ಸಹೋದರ ಯಕೋಬರನ್ನು ಕಂಡುದನ್ನೂ ಬರೆಯುತ್ತಾರೆ. ಯೇಸುಸ್ವಾಮಿಯವರ ಮರಣ ಕ್ರಿ.ಶ. 30ರ ಸುಮಾರಿನದು. ಆಗಿನ್ನೂ ಹತ್ತು ವರ್ಷವೂ ಕಳೆದಿಲ್ಲ. ಇಲ್ಲದ ಮನುಷ್ಯನ ಸ್ನೇಹಿತನ ಮನೆಯಲ್ಲಿ ಹದಿನೈದು ದಿನ ಇರಲಾದೀತೇ? ಇಲ್ಲದ ಮನುಷ್ಯನ ಸಹೋದರನ ಮುಖ ನೋಡಲಾದೀತೇ? ಪೌಲರು ಕಂಡ ಆ ಯಕೋಬರ ಮರಣವನ್ನೇ ಕ್ರೈಸ್ತನಲ್ಲದ ಜೋಸೆಫಸ್ ದಾಖಲಿಸಿರುವುದು. ಎರಡು ದಿಕ್ಕಿನಿಂದ ಬಂದ ಎರಡು ಸಾಕ್ಷಿಗಳು ಒಂದೇ ಮನೆಬಾಗಿಲಲ್ಲಿ ಸೇರುತ್ತವೆ.

ಯಾರೂ ಕಟ್ಟಲಾರದ ಕಥೆ

ಇದು ಕಟ್ಟುಕಥೆಯಾಗಿದ್ದರೆ ಕಟ್ಟಿದವರು ಬಲು ಅವಿವೇಕಿಗಳೇ ಇರಬೇಕು. ಧರ್ಮಶಾಸ್ತ್ರ ಬಲ್ಲ ಯೆಹೂದ್ಯರಿಗೆ ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತ. ರೋಮಿನವರಿಗೆ ಶಿಲುಬೆ ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಹೇಯ ಶಿಕ್ಷೆ. ರೋಮಿನ ಪಾಲಟೈನ್ ಗುಡ್ಡದಲ್ಲಿ 1857ರಲ್ಲಿ ಹಳೆಯ ಗೋಡೆಯೊಂದರ ಮೇಲೆ ಗೀಚಿದ ಚಿತ್ರ ಪತ್ತೆಯಾಯಿತು. ಶಿಲುಬೆಯ ಮೇಲೆ ಕತ್ತೆಯ ತಲೆಯ ಮನುಷ್ಯ; ಕೆಳಗೆ ಕೈಯೆತ್ತಿ ನಿಂತ ಒಬ್ಬ; ಅಲೆಕ್ಸಮೆನೋಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ ಎಂಬ ಕುಹಕದ ಬರಹ. ನಮ್ಮ ಪೂರ್ವಿಕರು ಕೇಳಿಸಿಕೊಂಡ ನಗೆ ಅದು. ಜನರನ್ನು ಸೆಳೆಯಲು ದೇವರೊಬ್ಬನನ್ನು ಸೃಷ್ಟಿಸುವವರು ಇಂಥ ಸಾವನ್ನು ಅವನಿಗೆ ಕೊಡುತ್ತಿರಲಿಲ್ಲ. ಪ್ರೇಷಿತರು ಅದನ್ನು ಸಾರಿದ್ದು, ಅದು ನಡೆದಿತ್ತು ಎಂಬ ಕಾರಣಕ್ಕೆ. ಪ್ರೇಷಿತರಲ್ಲಿ ಮೊದಲಿಗರಾದ ಪೇತ್ರರೇ ಮೂರು ಸಲ ಗೊತ್ತಿಲ್ಲ ಎಂದದ್ದನ್ನೂ, ಬರಿದಾದ ಸಮಾಧಿಯ ಸುದ್ದಿ ತಂದವರು ಸಾಕ್ಷಿಗೆ ಬಾರದವರೆಂದು ಆ ಕಾಲ ಕಡೆಗಣಿಸಿದ ಸ್ತ್ರೀಯರು ಎಂಬುದನ್ನೂ ಅವರು ಮರೆಮಾಚಲಿಲ್ಲ.

ಆದ್ದರಿಂದಲೇ ವಿಶ್ವಾಸವಿಲ್ಲದ ವಿದ್ವಾಂಸರೂ ಈ ವಿಷಯದಲ್ಲಿ ನಮ್ಮೊಡನಿದ್ದಾರೆ. ಅಮೆರಿಕದ ಬಾರ್ಟ್ ಎರ್ಮನ್ ತಾವು ದೇವರನ್ನು ನಂಬುವವರಲ್ಲ ಎಂದು ಬಹಿರಂಗವಾಗಿ ಹೇಳಿದವರು. ಅವರೇ 2012ರಲ್ಲಿ ಒಂದು ಪುಸ್ತಕ ಬರೆದು, ಯೇಸು ಖಂಡಿತವಾಗಿ ಇದ್ದರು ಎಂದು ವಾದಿಸಿದರು.

ಸುಳ್ಳಿನ ಆಸರೆ ಬೇಡ

ಒಂದು ಎಚ್ಚರಿಕೆ ಹೇಳಲೇಬೇಕು. ಯೇಸುವಿನ ಕೂದಲು, ಕಣ್ಣು, ಗಡ್ಡವನ್ನು ಬಣ್ಣಿಸುವ ಲೆಂತುಲಸ್ ಎಂಬ ಅಧಿಕಾರಿಯ ಪತ್ರವನ್ನು ಭಕ್ತಿಯಿಂದ ಹಂಚುವವರಿದ್ದಾರೆ. ಅದು ಶತಮಾನಗಳ ನಂತರ ಯಾರೋ ಬರೆದ ಕೃತಕ ಪತ್ರ. 2002ರಲ್ಲಿ ಸುದ್ದಿಯಾದ ಯಕೋಬನ ಮೂಳೆಪೆಟ್ಟಿಗೆಯ ಬರಹದ ಬಗ್ಗೆ ತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ. ತೂರಿನ್ ನಗರದ ಪವಿತ್ರ ವಸ್ತ್ರದ ಮುಂದೆ ಪ್ರಾರ್ಥಿಸುವುದು ಒಳ್ಳೆಯದೇ. ಆದರೆ 1988ರ ಪರೀಕ್ಷೆ ಅದನ್ನು ಮಧ್ಯಯುಗದ್ದೆಂದಿತು, ಚರ್ಚೆ ಮುಗಿದಿಲ್ಲ. ಯೇಸು ಇದ್ದರು ಎಂಬುದಕ್ಕೆ ಇವು ಬೇಕಾಗಿಲ್ಲ. ತಾವೇ ಸತ್ಯವೆಂದು ಹೇಳಿದವರಿಗೆ ಸುಳ್ಳುಸಾಕ್ಷಿ ಹೇಳಿ ಸಹಾಯ ಮಾಡುತ್ತೇವೆಂಬುದು ಎಂಥ ಭಕ್ತಿ? ಎಂಟನೆಯ ಕಟ್ಟಳೆ ಭಕ್ತರಿಗೂ ಅನ್ವಯಿಸುತ್ತದೆ.

ಚರಿತ್ರೆಯ ಆಚೆ

ಗಣಿತದ ನಿಶ್ಚಯ ಬೇರೆ, ಸಾಕ್ಷ್ಯದ ನಿಶ್ಚಯ ಬೇರೆ. ಎರಡು ಎರಡು ಸೇರಿ ನಾಲ್ಕು ಎಂಬಂತೆ ಚರಿತ್ರೆಯಲ್ಲಿ ಯಾವುದನ್ನೂ ಸಾಧಿಸಲಾಗದು. ಆದರೂ ಸಾಕ್ಷ್ಯವನ್ನು ತೂಗಿ ನೋಡುವ ಬುದ್ಧಿವಂತರಿಗೆ ಇಷ್ಟಂತೂ ಖಚಿತ: ಯೇಸು ಗಲಿಲೇಯದವರು, ಯೊವಾನ್ನರಿಂದ ಸ್ನಾನ ಪಡೆದರು, ಬೋಧಿಸಿದರು, ಶಿಷ್ಯರನ್ನು ಕೂಡಿಸಿಕೊಂಡರು, ಪಿಲಾತನ ಕಾಲದಲ್ಲಿ ಶಿಲುಬೆಯ ಮೇಲೆ ಸತ್ತರು. ಚರಿತ್ರೆ ನಮ್ಮನ್ನು ಕೈಹಿಡಿದು ಸಮಾಧಿಯ ಬಾಗಿಲವರೆಗೆ ಕರೆದೊಯ್ಯುತ್ತದೆ. ಅವರು ದೇವಪುತ್ರರು, ಪುನರುತ್ಥಾನರಾದರು ಎಂದು ಹೇಳಲು ವಿಶ್ವಾಸದ ವರ ಬೇಕು. ಆ ವರವನ್ನು ಕಲ್ಲಿನ ಶಾಸನ ಕೊಡಲಾರದು. ಪಿಲಾತ ಯೇಸುವನ್ನು ಕಣ್ಣಾರೆ ಕಂಡ, ಮಾತನಾಡಿಸಿದ. ಅವರು ಇದ್ದಾರೆಯೇ ಎಂಬ ಸಂದೇಹ ಅವನಿಗಿರಲಿಲ್ಲ. ಆದರೂ ನಂಬಲಿಲ್ಲ.

ಇಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಧರ್ಮಸಭೆಯ ಆರಂಭದ ದಿನಗಳಲ್ಲಿ ಯೇಸು ಇರಲಿಲ್ಲ ಎಂದು ವಿರೋಧಿಗಳೂ ಹೇಳಲಿಲ್ಲ. ಆಗಿನ ತಪ್ಪು ಬೋಧನೆ ಬೇರೆ: ಅವರ ದೇಹ ಬರೀ ತೋರಿಕೆ, ನೋವೂ ತೋರಿಕೆ ಎಂಬುದು. 2ನೆಯ ಶತಮಾನದ ಆದಿಯಲ್ಲಿ ಅಂತಿಯೋಕ್ಯದ ಧರ್ಮಾಧ್ಯಕ್ಷ ಸಂತ ಇಗ್ನೇಷಿಯಸ್ಸರನ್ನು ಮರಣದಂಡನೆಗಾಗಿ ರೋಮಿಗೆ ಒಯ್ಯುತ್ತಿದ್ದಾಗ, ದಾರಿಯಲ್ಲಿ ಬರೆದ ಪತ್ರಗಳಲ್ಲಿ ಅವರು ಇದನ್ನು ಖಂಡಿಸಿದರು. ಪಿಲಾತನ ಹೆಸರೆತ್ತಿ, ಪ್ರಭು ನಿಜವಾಗಿ ಶಿಲುಬೆಗೇರಿದರು ಎಂದು ಒತ್ತಿ ಹೇಳಿದರು. ಅದೆಲ್ಲಾ ತೋರಿಕೆಯಾದರೆ ನನ್ನ ಕೈಯ ಸರಪಳಿಯೂ ತೋರಿಕೆಯೇ ಎಂದು ಪ್ರಶ್ನಿಸಿದರು. ಮತ್ತೊಂದು ಮಾತನ್ನೂ ಅವರು ಗುರುತಿಸಿದ್ದಾರೆ: ಹೀಗೆ ಬೋಧಿಸುವವರಿಗೆ ವಿಧವೆಯರ ಚಿಂತೆಯಿಲ್ಲ, ಅನಾಥರ ಚಿಂತೆಯಿಲ್ಲ, ಹಸಿದವರ ಚಿಂತೆಯಿಲ್ಲ, ಪರಮಪ್ರಸಾದದಿಂದಲೂ ಅವರು ದೂರ.

ಪ್ರಿಯರೇ, ಇದು ನಮಗೂ ತಟ್ಟುವ ಮಾತು. ಯೇಸು ಕ್ಯಾಲೆಂಡರಿನ ಚಿತ್ರವಾಗಿ ಮಾತ್ರ ಉಳಿದಿರುವ ಮನೆಯಲ್ಲಿ ಅವರು ಇದ್ದರೂ ಇರದಿದ್ದರೂ ವ್ಯತ್ಯಾಸವೇನು? ದಣಿದು ಬಾವಿಯ ಕಟ್ಟೆಯ ಮೇಲೆ ಕುಳಿತ, ನೀರು ಕೇಳಿದ, ಸ್ನೇಹಿತನ ಸಮಾಧಿಯ ಮುಂದೆ ಅತ್ತ ಮನುಷ್ಯ ಅವರು ಎಂಬುದನ್ನು ನಂಬಿದವನು, ದಣಿದು ಬಂದ ಕೂಲಿಯವನಿಗೆ ಅವನ ಕೂಲಿಯನ್ನು ನಾಳೆಗೆ ಇಡುವುದಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ಹೊರೆ ಎನ್ನುವುದಿಲ್ಲ. ಮಕ್ಕಳು ಯೇಸು ಇದ್ದರೇ ಎಂದು ಕೇಳುವಾಗ ಪುಸ್ತಕದ ಉತ್ತರವನ್ನಷ್ಟೇ ಕೇಳುತ್ತಿಲ್ಲ. ಈ ಮನೆಯಲ್ಲಿ ಅವರು ಇದ್ದಾರೆಯೇ ಎಂದೂ ನೋಡುತ್ತಿದ್ದಾರೆ.

ಈ ವಾರ ಮನೆಯಲ್ಲಿ

ಒಂದು ಸಂಜೆ ಜಪಸರದ ನಂತರ ಯೊವಾನ್ನರ ಶುಭಸಂದೇಶದ 18ನೆಯ ಅಧ್ಯಾಯವನ್ನು ಮಕ್ಕಳ ಕೈಯಲ್ಲಿ ಗಟ್ಟಿಯಾಗಿ ಓದಿಸಿರಿ. ಓದಿದ ಮೇಲೆ ಅವರ ಸಂದೇಹಗಳನ್ನು ಕೇಳಿರಿ. ನಡುವೆ ಬಾಯಿ ಹಾಕಬೇಡಿರಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿರಿ, ಗುರುಗಳ ಬಳಿ ಒಟ್ಟಿಗೆ ಹೋಗಿ ಕೇಳಿರಿ. ಮುಂದಿನ ಭಾನುವಾರ ವಿಶ್ವಾಸ ಸಂಗ್ರಹ ಹೇಳುವಾಗ, ಪ್ರಭು ಮನುಷ್ಯರಾದರು ಎಂಬಲ್ಲಿ ನಿಜವಾಗಿ ತಲೆಬಾಗಿಸಿರಿ. ಅದರ ಬೆನ್ನಿಗೇ ಪಿಲಾತನ ಹೆಸರು ಬರುತ್ತದೆ. ಅದನ್ನು ನುಂಗಿಬಿಡದೆ ಸ್ಪಷ್ಟವಾಗಿ ಹೇಳಿರಿ.

ಪ್ರಾರ್ಥಿಸೋಣ: ಪ್ರಭು ಯೇಸುವೇ, ನಮ್ಮ ಮಣ್ಣಿನ ಮೇಲೆ ನಡೆದವರೇ, ನಮ್ಮ ಮಕ್ಕಳ ಪ್ರಶ್ನೆಗಳಿಗೆ ಹೆದರದ ಮನಸ್ಸನ್ನು ನಮಗೆ ಕೊಡಿ. ಸತ್ಯವನ್ನು ಸತ್ಯದಿಂದಲೇ ಕಾಯುವಂತೆ ಮಾಡಿ. ನಮ್ಮ ನಡುವಿನ ಹಸಿದವರಲ್ಲಿ, ನೊಂದವರಲ್ಲಿ ನಿಮ್ಮನ್ನು ಗುರುತಿಸುವ ಕಣ್ಣು ಕೊಡಿ. ಆಮೆನ್.